ಶರ್ಬತಿ ಭಾಬಿಯ ಸಕ್ಕರೆ ಆನೆಗಳು

ಶರ್ಬತಿ ಭಾಬಿಯ ಬಲಗೈ ತೋರುಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಏಳನೆಯ ವಯಸ್ಸಿನಿಂದ ಕುದಿಯುವ ಪಾಕವನ್ನು ಮುಟ್ಟಿ ಹದ ನೋಡಿದ ಬೆರಳು ಅದು. ಆಕೆಯ ತವರು ಇದೇ ಮಥುರೆಯಲ್ಲಿ, ನಮ್ಮ ಓಣಿಯಿಂದ ನಾಲ್ಕನೆಯ ಓಣಿ. ನಾವು ಚೌಬೆಗಳು, ಮಥುರೆಯ ಪುರೋಹಿತ ಬ್ರಾಹ್ಮಣರು, ಹೆಣ್ಣುಮಕ್ಕಳನ್ನು ದೂರ ಕೊಡುವವರಲ್ಲ. ತವರಿನ ಮಾಳಿಗೆಯಿಂದ ಕೂಗಿದರೆ ಗಂಡನ ಮನೆಗೆ ಕೇಳಬೇಕು. ದೀಪಾವಳಿಗೆ ಸಕ್ಕರೆ ಅಚ್ಚು ಎರೆಯುವುದರಲ್ಲಿ ಆಕೆಯ ತಾಯಿಯದು ಎತ್ತಿದ ಕೈ. ಆನೆ, ಕುದುರೆ, ಗಿಳಿ, ನವಿಲು ಕೆತ್ತಿದ ಮರದ ಅಚ್ಚುಗಳನ್ನು ಆ ತಾಯಿ ಮಗಳಿಗೆ ಬಳುವಳಿಯಾಗಿ ಕೊಟ್ಟು ಕಳಿಸಿದ್ದಳು.

ಆಕೆಯ ಕಥೆ ಹೇಳಲು ಕೂತಿದ್ದೇನೆ. ಆದರೆ ನನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟುಕೊಂಡು ಹೇಳುವುದು ಆಗದ ಮಾತು. ನಾನು ನಟವರ, ವಿಶ್ರಾಮ ಘಾಟಿನಲ್ಲಿ ಯಾತ್ರಿಕರಿಗೆ ಸಂಕಲ್ಪ ಹೇಳಿಸುವ ಪಂಡಾ. ಭಾಬಿಯ ಗಂಡ ಛಗನ್ ಗುರು ನನಗಿಂತ ಎಂಟು ವರ್ಷ ದೊಡ್ಡವನು. ಹಾಗಾಗಿ ಆಕೆ ನನಗೆ ಭಾಬಿ, ಅಂದರೆ ಅತ್ತಿಗೆ; ಆಕೆಗೆ ನಾನು ಮೈದುನ, ನಮ್ಮ ಕಡೆಯ ಮಾತಿನಲ್ಲಿ ಲಾಲಾ. ಗುರು ಅಂದರೆ ಏನೋ ದೊಡ್ಡ ಪಂಡಿತ ಅಂದುಕೊಳ್ಳಬೇಡಿ. ನಮ್ಮ ಓಣಿಯಲ್ಲಿ ಎಲ್ಲರೂ ಗುರುಗಳೇ, ಶಿಷ್ಯರನ್ನು ಹುಡುಕಿದರೂ ಸಿಗುವುದಿಲ್ಲ.

ಛಗನ್ ಗುರುವಿಗೆ ಭಂಗಿ ಪ್ರಾಣ, ಭಾಬಿಗೆ ಅದರ ಹೆಸರು ಕೇಳಿದರೆ ಮೈಯೆಲ್ಲ ಉರಿ. ಸಂಜೆ ನಾಲ್ಕಾದರೆ ಗುರು ಹೆಗಲಿಗೆ ಟವೆಲು, ಕೈಗೆ ಹಿತ್ತಾಳೆ ಲೋಟ ತೆಗೆದುಕೊಂಡು ಬಗೀಚಿಗೆ ಹೊರಡುತ್ತಿದ್ದ. ಭಾಬಿ ಹೊಸ್ತಿಲಲ್ಲಿ ನಿಂತು ಬೀಳ್ಕೊಡುತ್ತಿದ್ದ ರೀತಿ ಇಡೀ ಓಣಿಗೆ ಬಾಯಿಪಾಠವಾಗಿತ್ತು.

"ಹೊರಟ್ರಾ? ಹೋಗಿ ಹೋಗಿ. ನೀವು ಅರೆದು ಕೊಡದಿದ್ರೆ ಪಾಪ ಆ ಮಹಾದೇವನಿಗೆ ಕೈಲಾಸದಲ್ಲಿ ನಿದ್ದೆ ಬರಲ್ಲ."

"ಅವನಿಗೆ ಬರುತ್ತೆ ಕಣೇ. ನನಗೆ ಬರಲ್ಲ."

"ನಲವತ್ತು ವರ್ಷದಲ್ಲಿ ಒಂದು ದಿನ ನನಗೆ ಒಂದು ಹಿಡಿ ಕೊತ್ತಂಬರಿ ಅರೆದು ಕೊಟ್ಟಿದೀರಾ? ಆ ಹಾಳು ಸೊಪ್ಪು ಅಂದ್ರೆ ರಟ್ಟೆಗೆ ಎಲ್ಲಿಂದ ಬಲ ಬರುತ್ತೋ!"

"ಲೇ ನಟವರ, ಬೇಗ ನಡಿಯೋ," ಅನ್ನುತ್ತಿದ್ದ ಗುರು ನನ್ನ ಕಡೆ ತಿರುಗಿ. "ಇನ್ನೊಂದು ನಿಮಿಷ ನಿಂತ್ರೆ ಇವಳು ನನ್ನನ್ನೇ ಅರೀತಾಳೆ."

ಬಗೀಚಿ ಅಂದರೆ ಯಮುನೆಯ ದಂಡೆಯಲ್ಲಿ ನಾಲ್ಕು ಗೋಡೆಯೊಳಗೆ ಒಂದು ಬಾವಿ, ಒಂದು ಬೇವಿನ ಮರ, ಕುಸ್ತಿಯ ಮಣ್ಣು, ಒಂದು ಚಿಕ್ಕ ಶಿವಲಿಂಗ. ಹೆಂಗಸರು ಅಲ್ಲಿ ಕಾಲಿಡುವುದಿಲ್ಲ. ಯಾರೂ ಬೇಡ ಎಂದು ಬೋರ್ಡು ಹಾಕಿಲ್ಲ, ಆದರೂ ಇಡುವುದಿಲ್ಲ. ನಾವು ಅಲ್ಲಿ ನಾಲ್ವರು ಕೂಡುತ್ತಿದ್ದೆವು: ಛಗನ್ ಗುರು, ನಾನು, ಪ್ರಾಯದಲ್ಲಿ ಕುಸ್ತಿ ಗೆದ್ದು ಮುದುಕನಾದ ಮೇಲೆ ಮಂಡಿನೋವು ಗೆದ್ದುಕೊಂಡ ಬೈಜೂ ಪಹಲ್ವಾನ್, ಮತ್ತು ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮುಕುಂದೀ ಮಾಸ್ತರ್.

ಹೊರಗಿನವರು ನಮ್ಮನ್ನು ನಶೆಯ ಜನ ಅನ್ನುತ್ತಾರೆ. ಅನ್ನಲಿ. ಕುಡಿಯುವುದಕ್ಕೆ ಹಿಡಿಯುತ್ತಿದ್ದುದು ಒಂದು ನಿಮಿಷ. ಅದಕ್ಕೆ ಮುಂಚಿನ ಎರಡು ಗಂಟೆಯೇ ನಮ್ಮ ಸಂಜೆ. ಸೊಪ್ಪು ನೆನೆಹಾಕಿ ತೊಳೆಯುವುದು, ಬಾದಾಮಿ ಸುಲಿಯುವುದು, ಮೆಣಸು ಆರಿಸುವುದು, ಆಮೇಲೆ ಅರೆಯುವ ಕಲ್ಲಿನ ಮುಂದೆ ಸರದಿ ಕೂರುವುದು. ಕಲ್ಲು ಛಗನ್ ಗುರುವಿನದು, ಅವನ ಅಜ್ಜನ ಕಾಲದ್ದು. ಒಬ್ಬ ಅರೆಯುವಾಗ ಉಳಿದವರು ಊರಿನವರೆಲ್ಲರ ಮರ್ಯಾದೆ ತೆಗೆಯುತ್ತಿದ್ದರು. ಕೊನೆಯ ಸರದಿ ಗುರುವಿನದೇ. ಅರೆದದ್ದು ನಯವಾಯಿತೋ ಇಲ್ಲವೋ ನೋಡಲು ನಮ್ಮಲ್ಲಿ ಒಂದೇ ಪರೀಕ್ಷೆ. ಅರೆಯುವ ಗುಂಡನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆತ್ತಬೇಕು. ಭಂಗಿ ಬೆಣ್ಣೆಯಷ್ಟು ನುಣ್ಣಗಾಗಿದ್ದರೆ ಗುಂಡಿಗೆ ಅಂಟಿಕೊಂಡು ಕೆಳಗಿನ ಕಲ್ಲೂ ನೆಲ ಬಿಟ್ಟು ಏಳುತ್ತದೆ. ಏಳದಿದ್ದರೆ ಇನ್ನೂ ಅರೆ.

ಮೂವತ್ತು ವರ್ಷದಲ್ಲಿ ನಾನು ಅರೆದದ್ದನ್ನು ಛಗನ್ ಗುರು ಒಂದು ದಿನವೂ ಒಪ್ಪಲಿಲ್ಲ. "ಇದೇನೋ ಇದು, ದನಕ್ಕೆ ಹಾಕೋ ಹಿಂಡಿನಾ? ಏಳು ಆಚೆಗೆ!" ಎಂದು ನನ್ನನ್ನು ಎಬ್ಬಿಸಿ ತಾನು ಕೂರುತ್ತಿದ್ದ. ಕಲ್ಲು ಎದ್ದಾಗ "ಹರ ಹರ" ಎಂದು ಕೂಗಿ, ಮೊದಲ ಹನಿಗಳನ್ನು ಲಿಂಗಕ್ಕೆ ಚಿಮುಕಿಸಿ, ನಮ್ಮ ಲೋಟಗಳಿಗೆ ಸೋಸುತ್ತಿದ್ದ. ಅವನ ಮುಖ ನೋಡಬೇಕಿತ್ತು ಆಗ.

ಅವನಿಗೆ ಲಕ್ವ ಹೊಡೆದದ್ದು ಒಂದು ಕಾರ್ತೀಕದ ಬೆಳಿಗ್ಗೆ, ಯಮುನೆಯಲ್ಲಿ ಮೂರನೆಯ ಮುಳುಗು ಹಾಕಿ ಮೇಲೆದ್ದಾಗ. ಬಲಗಡೆ ಪೂರ್ತಿ ಹೋಯಿತು. ಬಾಯಿ ವಾರೆಯಾಯಿತು, ಮಾತು ತೊದಲಿತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿಟ್ಟು ಮನೆಗೆ ಕಳಿಸಿದರು. ಡಾಕ್ಟರು ಕೈಕಾಲು ತಿಕ್ಕಿ ಅಂದರು, ಮಾತಾಡಿಸುತ್ತಾ ಇರಿ ಅಂದರು, ಭಂಗಿ ಮುಟ್ಟಿಸಬೇಡಿ ಅಂದರು. ಮೂರನೆಯದನ್ನು ನಮ್ಮ ಓಣಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಗೀಚಿಗೆ ಅವನು ಬರುವಂತಿಲ್ಲ. ಅವನಿಲ್ಲದ ಬಗೀಚಿಗೆ ನಮಗೆ ಕಾಲೇಳುವುದಿಲ್ಲ. ಬೈಜೂ ಪಹಲ್ವಾನನೇ ಒಂದು ದಿನ ಅಂದ, "ಅವನು ಬರೋಕಾಗಲ್ಲ ಅಂದ್ರೆ ಕಲ್ಲು ಹೋಗ್ಲಿ ಅವನ ಹತ್ರ." ಕೈಗಾಡಿಯಲ್ಲಿ ಕಲ್ಲು ಹೇರಿಕೊಂಡು, ಮೂವರೂ ನೂಕಿಕೊಂಡು ಬಂದೆವು. ಅಂಗಳದಲ್ಲಿ ಬಾವಿಯ ಪಕ್ಕ ಇಟ್ಟೆವು. ಗುರುವಿನ ಮಂಚವನ್ನು ಪಡಸಾಲೆಯ ಬಾಗಿಲಿಗೆ ಎಳೆದೆವು. ಬೈಜೂ ಮತ್ತು ಮಾಸ್ತರ್ ಗುರುವಿಗಿಂತ ದೊಡ್ಡವರು, ಭಾಬಿ ಅವರೆದುರು ಬರುವಂತಿಲ್ಲ. ಸೆರಗು ಎಳೆದುಕೊಂಡು ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿ ಒಳಗೇ ಇರುತ್ತಿದ್ದಳು. ನಾನು ಮಾತ್ರ ಒಳಗೂ ಹೊರಗೂ ಓಡಾಡುವವನು.

ಮೊದಲ ದಿನ ನಾನು ಅರೆಯಲು ಕೂತೆ. ಗುರು ಮಂಚದ ಮೇಲಿಂದ ನೋಡುತ್ತಿದ್ದ. ಹತ್ತು ನಿಮಿಷ ನನ್ನ ಕೈಯನ್ನೇ ದಿಟ್ಟಿಸಿದ. ಆಮೇಲೆ ಆ ವಾರೆ ಬಾಯಿಂದ, ಇಪ್ಪತ್ತೈದು ದಿನದಲ್ಲಿ ಮೊದಲ ಬಾರಿ, ಒಂದು ಪೂರ್ತಿ ಮಾತು ಬಂತು.

"ನೀ...ರು ಜಾಸ್ತಿ, ಕತ್ತೆ."

ಮಾಸ್ತರ್ ಕಣ್ಣೊರೆಸಿಕೊಂಡರು. ಬೈಜೂ ಬಿದ್ದು ಬಿದ್ದು ನಕ್ಕ. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನಗೆ ಅದೇ ಮೊದಲು. ಅವತ್ತಿನಿಂದ ದಿನಾ ಬೈಗುಳ ಬೆಳೆಯಿತು. ಕತ್ತೆ ಆಯಿತು, ಕೋಣ ಆಯಿತು, ನಮ್ಮಪ್ಪನ ತನಕ ಹೋಯಿತು. ಒಂದು ತಿಂಗಳಲ್ಲಿ ಅವನ ನಾಲಿಗೆ ಮುಕ್ಕಾಲು ಪಾಲು ತಿರುಗಿತು. ಕಲ್ಲು ಎತ್ತುವಾಗ ಎಡಗೈ ನೆಲಕ್ಕೆ ಊರಿ ಮಂಚದಿಂದ ಬಗ್ಗಿ ನೋಡುತ್ತಿದ್ದ, ಬಿದ್ದಾನು ಎಂದು ಒಬ್ಬರು ಹಿಡಿದುಕೊಳ್ಳಬೇಕಾಗುತ್ತಿತ್ತು.

ಭಾಬಿ ಇದನ್ನೆಲ್ಲ ನೋಡಲಿಲ್ಲ. ಆಕೆಗೆ ಅರ್ಧ ಮುಚ್ಚಿದ ಬಾಗಿಲಿನ ಹಿಂದೆ ಕೇಳಿದ್ದು ಗಲಾಟೆ. ನಾವು ಹೋದ ಮೇಲೆ ಹೊರಗೆ ಬಂದರೆ ಕಂಡದ್ದು ಅಂಗಳದ ತುಂಬ ಹಸಿರು ನೀರು, ಬಾದಾಮಿ ಸಿಪ್ಪೆ, ಮತ್ತು ಗಂಡನ ಬಿಳಿ ಅಂಗಿಯ ಎದೆಯ ಮೇಲೆ ಹಸಿರು ಕಲೆ. ಕುಡಿಯುವಾಗ ವಾರೆ ಬಾಯಿಯ ತುದಿಯಿಂದ ಸೋರುತ್ತಿತ್ತು. ನಾವು ನೋಡದವರಂತೆ ಬೇರೆ ಕಡೆ ತಿರುಗುತ್ತಿದ್ದೆವು. ಅಂಗಿ ಬಿಚ್ಚಿಸಿ ಗಲ್ಲ ಒರೆಸುತ್ತಿದ್ದವಳು ಭಾಬಿ. ಒರೆಸುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ.

ಒಂದು ಮಧ್ಯಾಹ್ನ ನನ್ನನ್ನು ಅಡಿಗೆಮನೆಗೆ ಕರೆದಳು.

"ಲಾಲಾ, ಒಂದು ಮಾತು ಕೇಳ್ತೀನಿ, ನಗಬೇಡ. ಭಂಗಿ ಪೆಪ್ಪರಮೆಂಟಿನ ಥರ ಗಟ್ಟಿ ಮಾಡೋಕಾಗುತ್ತಾ?"

ನಾನು ನಕ್ಕೆ. "ಭಾಬಿ! ನೀವಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ನಗಬೇಡ ಅಂದ್ನಲ್ಲ. ದಿನಾ ಸಾಯಂಕಾಲ ಇವರ ಗಲ್ಲದ ಮೇಲೆ ಸೋರುತ್ತೆ. ನಾಲ್ಕು ಜನರ ಎದುರು. ಎಂಥ ಮನುಷ್ಯ ಇವರು, ಎಂಥಾ ಬಿಳಿ ಅಂಗಿ ಹಾಕ್ಕೊಂಡು ಓಡಾಡಿದವರು. ಗಟ್ಟಿ ಆದ್ರೆ ಒಂದು ದವಡೇಲಿ ಇಟ್ಕೊಂಡು ಚೀಪಬಹುದು. ಯಾರಿಗೂ ಗೊತ್ತಾಗಲ್ಲ."

ಜನ್ಮವಿಡೀ ಬೈದ ಸೊಪ್ಪನ್ನು ಆಕೆ ಕೈಯಿಂದ ಮುಟ್ಟಿದ್ದು ಹಾಗೆ. ಭಂಗಿ ಮಾರುವ ಸರ್ಕಾರಿ ಅಂಗಡಿಯಿಂದ ನಾನೇ ತಂದುಕೊಟ್ಟೆ. ಮೊದಲ ಸಲ ತುಪ್ಪದಲ್ಲಿ ಬಾಡಿಸಲು ಹೋಗಿ ಸೀಯಿಸಿದಳು, ಓಣಿಯ ತುಂಬ ಘಾಟು. ಎರಡನೆಯ ಸಲ ಪಾಕ ಸಕ್ಕರೆಗಟ್ಟಿ ಪುಡಿಪುಡಿಯಾಯಿತು. ಮೂರನೆಯ ಸಲ ತುಪ್ಪ ಒಂದು ಕಡೆ, ಪಾಕ ಒಂದು ಕಡೆ ನಿಂತು ಆಕೆಯನ್ನು ಅಣಕಿಸಿದವು. "ನನ್ನ ಕೈಯ ಪಾಕ ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹೀಗೆ ಕೆಟ್ಟಿತ್ತಾ? ಈ ಸೊಪ್ಪಿಗೆ ನನ್ನ ಮೇಲೆ ಹಳೇ ಸಿಟ್ಟು, ಲಾಲಾ," ಎಂದು ಬಾಣಲೆಯನ್ನು ತಿಕ್ಕಲು ಕೂತಳು. ಆದರೆ ಬಿಡಲಿಲ್ಲ. ಏಲಕ್ಕಿ ಹಾಕಿದಳು, ನಿಂಬೆ ಹಿಂಡಿದಳು, ಬೆರಳಿಟ್ಟು ಬೆರಳಿಟ್ಟು ಹದ ನೋಡಿದಳು. ತವರಿನ ಅಚ್ಚುಗಳನ್ನು ಅಟ್ಟದಿಂದ ಇಳಿಸಿ ಒಳಗೆ ತುಪ್ಪ ಸವರಿದಳು. ಆರನೆಯದೋ ಏಳನೆಯದೋ ಪ್ರಯತ್ನದಲ್ಲಿ ಅಚ್ಚು ಬಿಚ್ಚಿದರೆ ಗಾಜಿನಂತೆ ಹೊಳೆಯುವ ಹಸಿರು ಆನೆ.

ಮನೆಗೆ ಬರುವ ಮಕ್ಕಳು ಮಿಠಾಯಿ ಅಂದುಕೊಂಡಾರೆಂದು ಪ್ರತಿಯೊಂದಕ್ಕೂ ಒಂದು ಲವಂಗ ಚುಚ್ಚಿ, ಡಬ್ಬಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಎಲ್ಲದರಲ್ಲೂ ಅಷ್ಟು ಜೋಪಾನ ಆಕೆಯದು.

ಸಂಜೆ ಗುರುವಿನ ಅಂಗೈಯಲ್ಲಿ ಆನೆ ಇಟ್ಟಳು. ಅವನು ತಿರುಗಿಸಿ ಮುರುಗಿಸಿ ನೋಡಿದ. "ನೀ...ನು ಮಾಡಿದ್ಯಾ?" ಎಂದ. ಕಣ್ಣಲ್ಲಿ ನೀರು. ಬಾಯಿಗೆ ಹಾಕಿಕೊಂಡ. ಒಂದು ಹನಿಯೂ ಸೋರಲಿಲ್ಲ. ಭಾಬಿ ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಆ ದಿನ ಆಕೆ ಎಷ್ಟು ಸುಖವಾಗಿದ್ದಳು ಎಂಬುದನ್ನು ನಾನು ಈಗಲೂ ಮರೆತಿಲ್ಲ.

ನಮಗೂ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಬೈಜೂಗೆ ನವಿಲು, ಮಾಸ್ತರಿಗೆ ಗಿಳಿ, ನನಗೆ ಕುದುರೆ. ಆಹಾ ಅದರ ರುಚಿ! ಬೈಜೂ ಅರೆಯುವ ಕಲ್ಲಿನ ಕಡೆ ನೋಡಿ, "ಇನ್ನು ಈ ಮಹಾರಾಯನಿಗೆ ಪೆನ್ಷನ್ ಕೊಡಬಹುದು," ಎಂದ. ಎಲ್ಲರೂ ನಕ್ಕೆವು. ಗುರು ನಕ್ಕನೋ ಇಲ್ಲವೋ, ನಾನು ನೋಡಲಿಲ್ಲ.

ಮಾರನೆಯ ದಿನ ಯಾರೂ ಸೊಪ್ಪು ನೆನೆಹಾಕಲಿಲ್ಲ. ಬೈಜೂಗೆ ಮಂಡಿನೋವು, ಮಾಸ್ತರಿಗೆ ಸೊಂಟ, ನನಗೆ ಬಲಭುಜ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಎರಡು ಗಂಟೆ ಅರೆಯುವುದು ತಪ್ಪಿತಲ್ಲ ಎಂದು ಒಳಗೊಳಗೇ ಎಲ್ಲರಿಗೂ ಹಾಯೆನಿಸಿತ್ತು. ಬಂದೆವು, ಮಂಚದ ಸುತ್ತ ಕೂತೆವು, ಒಂದೊಂದು ಬಾಯಿಗೆ ಹಾಕಿಕೊಂಡೆವು. ಕೈಗೆ ಕೆಲಸವಿಲ್ಲದೆ ಗಂಡಸರು ಸುಮ್ಮನೆ ಎಷ್ಟು ಹೊತ್ತು ಕೂತಾರು? ಗುರುವನ್ನು ಹೇಗಿದ್ದೀಯ ಎಂದು ಕೇಳಿದೆವು. ಚೆನ್ನಾಗಿದ್ದೀನಿ ಎಂದ. ಕಾಲು ಗಂಟೆಗೆ ಮಾಸ್ತರ್ ಎದ್ದರು.

"ಟೀವೀಲಿ ಮ್ಯಾಚ್ ಇದೆ ಗುರೂಜಿ, ನಾಳೆ ಬರ್ತೀನಿ."

ಒಂದು ವಾರಕ್ಕೆ ಕಾಲು ಗಂಟೆ ಐದು ನಿಮಿಷವಾಯಿತು. ಆಮೇಲೆ ಬೈಜೂ, "ನಿನ್ನ ಭಾಬಿಗೆ ಹೇಳು, ಎರಡು ದಿನದ್ದು ಒಟ್ಟಿಗೇ ಕೊಟ್ಟುಬಿಡಲಿ, ಮಂಡಿ ಬರಗೊಡಲ್ಲ," ಎಂದು ನನ್ನ ಕೈಯಲ್ಲಿ ಹೇಳಿಕಳಿಸಿದ. ಭಾಬಿ ಸಂತೋಷದಿಂದ ಕಾಗದದಲ್ಲಿ ಕಟ್ಟಿ ಕೊಟ್ಟಳು. ಬಗೀಚಿಯ ಭಂಗಿಯನ್ನು ಒಬ್ಬನೇ ಕುಡಿಯುವುದು ನಮ್ಮಲ್ಲಿ ನಾಚಿಕೆಗೇಡು. ಲೋಟ ಹಿಡಿದರೆ ಎದುರಿಗೆ ಇನ್ನೊಂದು ಲೋಟ ಇರಲೇಬೇಕು. ಆದರೆ ಜೇಬಿನಲ್ಲಿರುವ ಕುದುರೆಗೆ ಯಾರ ಹಂಗೂ ಇಲ್ಲ. ನಾನು ಅದನ್ನು ಘಾಟಿನ ಮೆಟ್ಟಿಲ ಮೇಲೆ ಕೂತು ಒಬ್ಬನೇ ಚೀಪತೊಡಗಿದೆ. ಮೊದಲ ಹನಿ ಮಹಾದೇವನಿಗೆ ಎಂಬುದೂ ಇಲ್ಲವಾಯಿತು, ಹನಿ ಎಲ್ಲಿದೆ ಅದರಲ್ಲಿ?

ಗುರುವಿನ ಮನೆಗೆ ನಾನು ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಹೋದೆ. ಹೋದಾಗಲೆಲ್ಲ ಅವನ ಮಾತು ಇನ್ನಷ್ಟು ಕಡಿಮೆಯಾಗಿರುತ್ತಿತ್ತು. ಮತ್ತೆ ತೊದಲು ಬಂದಿತ್ತು. ಒಂದು ದಿನ ನೋಡುತ್ತೇನೆ, ಅರೆಯುವ ಕಲ್ಲು ಬಾವಿಯ ಪಕ್ಕ ಇಲ್ಲ. ನಲ್ಲಿಯ ಕೆಳಗೆ ಅಡ್ಡಡ್ಡ ಬಿದ್ದಿದೆ, ಮೇಲೆ ಒಗೆಯುವ ಬಟ್ಟೆ, ಸೋಪಿನ ನೊರೆ.

"ಭಾಬಿ, ಇದು..."

"ಸುಮ್ನೆ ಬಿದ್ದಿತ್ತಲ್ಲ ಲಾಲಾ, ಕಾಲಿಗೆ ಎಡವುತ್ತಿತ್ತು. ಬಟ್ಟೆ ಒಗೆಯೋಕೆ ಎಷ್ಟು ಅನುಕೂಲ ಗೊತ್ತಾ? ಇವರ ದುಪ್ಪಟಿನೇ ದಿನಕ್ಕೆ ಎರಡು."

ನಾನು ಮಂಚದ ಕಡೆ ನೋಡಿದೆ. ಗುರು ಕಲ್ಲನ್ನೇ ನೋಡುತ್ತಿದ್ದ. ನನಗೆ ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ಒಂದು ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಭಾಬಿ ಕೊಟ್ಟ ಪೊಟ್ಟಣ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಆಕೆಗೂ ಗಂಡ ಮಂಕಾಗುತ್ತಿರುವುದು ಕಾಣುತ್ತಿತ್ತು. ಅದು ತನ್ನ ಕೈಯ ಕೊರತೆ ಎಂದುಕೊಂಡಳು. ರುಚಿ ಬೇಜಾರಾಗಿರಬೇಕು ಎಂದು ಗುಲಾಬಿ ದಳ ಹಾಕಿದಳು, ಕೇಸರಿ ಹಾಕಿದಳು. ಆನೆಗೆ ಬೆಳ್ಳಿ ರೇಕು ಹಚ್ಚಿದಳು. ದಿನಾ ಸಂಜೆ ಅಂಗೈಯಲ್ಲಿ ಇಟ್ಟು, "ಹೇಗಿದೆ?" ಎಂದು ಕೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ಆಕೆ ಒಲೆಯ ಕಡೆ ತಿರುಗುತ್ತಿದ್ದಳು.

ಫಾಲ್ಗುಣದ ಒಂದು ಮಧ್ಯಾಹ್ನ ಭಾಬಿ ನಮ್ಮ ಮನೆಗೆ ಬಂದಳು. ಗಂಡ ಹಾಸಿಗೆ ಹಿಡಿದ ಮೇಲೆ ಆಕೆ ಹೊಸ್ತಿಲು ದಾಟಿದ್ದು ಅದೇ ಮೊದಲು. ಸೆರಗಿನಲ್ಲಿ ಏನನ್ನೋ ಕಟ್ಟಿ ಹಿಡಿದುಕೊಂಡಿದ್ದಳು. ನನ್ನ ಮುಂದೆ ನೆಲದ ಮೇಲೆ ಬಿಚ್ಚಿದಳು. ಹಸಿರು ಮುದ್ದೆ. ಆನೆಗಳು. ಮೂವತ್ತೋ ನಲವತ್ತೋ ಆನೆಗಳು ಕರಗಿ, ಒಂದಕ್ಕೊಂದು ಅಂಟಿ, ಹತ್ತಿಯ ನಾರು ಹಿಡಿದು, ಇರುವೆ ಮುತ್ತಿ. ಅಲ್ಲಲ್ಲಿ ಒಂದು ಸೊಂಡಿಲು, ಲವಂಗ.

"ಹಾಸಿಗೆ ಬಿಸಿಲಿಗೆ ಹಾಕೋಣ ಅಂತ ಎತ್ತಿದೆ. ಅದರ ಕೆಳಗೆ," ಎಂದಳು. "ತಿಂದೇ ಇಲ್ಲ ಲಾಲಾ. ಮೊದಲ ದಿನದ್ದು ಬಿಟ್ರೆ ಒಂದೂ ತಿಂದಿಲ್ಲ. ನಾನು ಆ ಕಡೆ ತಿರುಗಿದ ತಕ್ಷಣ ಎಡಗೈಯಿಂದ ಹಾಸಿಗೆ ಕೆಳಗೆ ತೂರಿಸಿದಾರೆ."

"ಕೇಳಿದ್ರಾ ಅವನನ್ನ?"

"ಕೇಳದೆ ಇರ್ತೀನಾ? ಬೇಡ ಅಂದ್ರೆ ಬೇಡ ಅನ್ನಬಾರದಿತ್ತಾ ಅಂದೆ. ನೀನು ಕಷ್ಟಪಟ್ಟು ಮಾಡ್ತೀಯಲ್ಲ ಅಂದ್ರು. ಮತ್ತೆ ನಿಮಗೆ ಏನು ಬೇಕು ಅಂತ ಕೇಳಿದೆ. ನಲ್ಲಿ ಕಡೆ ನೋಡಿ ಅತ್ತುಬಿಟ್ರು." ಆಕೆ ಹಣೆ ಹಣೆ ಚಚ್ಚಿಕೊಂಡಳು. "ನಾನು ಅವರ ಕಲ್ಲಿನ ಮೇಲೆ ದುಪ್ಪಟಿ ಒಗೆದೆ, ಲಾಲಾ. ಒಂದು ತಿಂಗಳು ಅವರ ಕಣ್ಣೆದುರೇ ಒಗೆದೆ."

ನನಗೆ ತಲೆಯೆತ್ತಲು ಆಗಲಿಲ್ಲ. ನನ್ನ ಜೇಬಿನಲ್ಲಿ ಎರಡು ಕುದುರೆಗಳಿದ್ದವು.

ಅವತ್ತೇ ಆಕೆ ಬಾಣಲೆ ಕವುಚಿಹಾಕಿದಳು. ಡಬ್ಬಿಯಲ್ಲಿದ್ದುದನ್ನೆಲ್ಲ ಯಮುನೆಗೆ ಸುರಿದಳು. "ಹೋಗಿ ಅವರಿಬ್ಬರನ್ನೂ ಕರ್ಕೊಂಡು ಬಾ. ಅರೀರಿ. ನನ್ನ ಅಂಗಳ ಪೂರ್ತಿ ಹಸಿರಾಗಲಿ, ನಾನು ಒಂದು ಮಾತಾಡಿದ್ರೆ ಕೇಳಿ," ಎಂದಳು. ನಾನು ಓಡಿದೆ. ಬೈಜೂ ಮಂಡಿ ಹಿಡಿದುಕೊಂಡೇ ಬಂದ, ಮಾಸ್ತರ್ ಟೀವಿ ಆರಿಸಿ ಬಂದರು. ಕಲ್ಲು ತಿರುಗಿಸಿ ನೋಡಿದರೆ ಸೋಪು ಹೀರಿಕೊಂಡು ಜಾರುತ್ತಿತ್ತು. ಹಲ್ಲುಗಳೆಲ್ಲ ಸವೆದುಹೋಗಿದ್ದವು. ನಾಲ್ಕು ದಿನ ಬಿಸಿನೀರು ಹುಯ್ದು, ಬೂದಿ ಹಾಕಿ ತಿಕ್ಕಿದೆವು. ಕಲ್ಲು ಕುಟ್ಟುವವನನ್ನು ಕರೆಸಿ ಹೊಸದಾಗಿ ಹಲ್ಲು ಹೊಡೆಸಿದೆವು. ಅವನ ಉಳಿಯ ಸದ್ದು ಕೇಳಿಸುತ್ತಿದ್ದಷ್ಟು ಹೊತ್ತೂ ಗುರು ಕಣ್ಣು ಮುಚ್ಚಿಕೊಂಡು ಮಲಗಿದ್ದ.

ಐದನೆಯ ದಿನ ಸಂಜೆ ನಾಲ್ಕಕ್ಕೆ ಮತ್ತೆ ಕೂಡಿದೆವು. ಮಂಚ ಬಾಗಿಲಿಗೆ ಬಂತು. ಸೊಪ್ಪು ತೊಳೆದೆವು, ಬಾದಾಮಿ ಸುಲಿದೆವು. ಅವತ್ತು ಭಾಬಿ ಬಾಗಿಲು ಮುಚ್ಚಲಿಲ್ಲ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಆದರೆ ಹೊಸ್ತಿಲ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಳು. ಬೈಜೂ ಪಹಲ್ವಾನ್ ನೋಡಿಯೂ ನೋಡದವನ ಹಾಗೆ ಬೆನ್ನು ತಿರುಗಿಸಿದ.

ನಾನು ಅರೆಯಲು ಕೂತೆ. ಹೊಸ ಹಲ್ಲಿನ ಕಲ್ಲು ಮರಳು ಬಿಡುತ್ತಿತ್ತು. ಭುಜ ನೋಯುತ್ತಿತ್ತು. ಬೇಕೆಂದೇ ನೀರು ಜಾಸ್ತಿ ಹಾಕಿದೆ. ಗುರುವಿನ ಮುಖ ನೋಡಿದೆ. ಇನ್ನೂ ಹಾಕಿದೆ. ಹಸಿರು ನೀರು ಕಲ್ಲಿನ ನಾಲ್ಕೂ ಕಡೆ ಹರಿಯಿತು. ಮಾಸ್ತರ್ ಕೆಮ್ಮಿದರು.

"ಗುರೂಜಿ, ನೋಡಿ ಈ ನಟವರ ಮಾಡ್ತಿರೋ ಅನ್ಯಾಯ! ಒಂದು ಮಾತು ಹೇಳಿ ಇವನಿಗೆ."

ಗುರು ಏನೂ ಹೇಳಲಿಲ್ಲ. ಒಂದು ಗಂಟೆಯಾದ ಮೇಲೆ ನಾನು ಗುಂಡನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದೆ. ಪಚಕ್ಕೆಂದು ಗುಂಡು ಮಾತ್ರ ಬಂತು. ಕಲ್ಲು ನೆಲದಲ್ಲೇ ಇತ್ತು. ತರಿತರಿಯಾದ ಸೊಪ್ಪು ಅದರ ಮೇಲೆ ಹರಡಿ ಬಿದ್ದಿತ್ತು. ನಾವು ನಾಲ್ವರೂ, ಹೊಸ್ತಿಲ ಮೇಲಿನ ಭಾಬಿಯೂ ಸೇರಿ, ಅವನ ಬಾಯಿಯನ್ನೇ ನೋಡುತ್ತಿದ್ದೆವು. ಕತ್ತೆ ಅನ್ನಲಿ. ಹಿಂಡಿ ಅನ್ನಲಿ. ನನ್ನ ವಂಶವನ್ನೇ ಎತ್ತಿ ಬೈಯಲಿ.

ಗುರು ಆ ಸೊಪ್ಪನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮನೆಗೆ ಬಂದ ನೆಂಟರಿಗೆ ಹೇಳುವಷ್ಟು ಮೆತ್ತಗೆ ಹೇಳಿದ.

"ಚೆನ್ನಾಗಿದೆ. ಸಾ...ಕು. ಸೋಸಿಬಿಡಿ."

ಭಾಬಿ ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಅವತ್ತು ಸೋಸಿ, ಮಹಾದೇವನಿಗೆ ಚಿಮುಕಿಸಿ, ಎಲ್ಲರೂ ಕುಡಿದೆವು. ಅವನೂ ಎರಡು ಗುಟುಕು ಕುಡಿದ. ಗಲ್ಲದ ಮೇಲೆ ಸೋರಿತು. ಈ ಸಲ ಯಾರೂ ಬೇರೆ ಕಡೆ ತಿರುಗಲಿಲ್ಲ. ಬೈಜೂ ತನ್ನ ಟವೆಲಿನಿಂದ ಒರೆಸಿದ.

ನಾವು ದಿನಾ ಹೋದೆವು. ಒಂದು ದಿನವೂ ತಪ್ಪಿಸಲಿಲ್ಲ. ಅವನು ದಿನಾ ಚೆನ್ನಾಗಿದೆ ಅಂದ. ಚೈತ್ರದ ಕೊನೆಗೆ ಇನ್ನೊಂದು ಸಲ ಲಕ್ವ ಹೊಡೆದು ಹೋಗಿಬಿಟ್ಟ.

ಇದಾಗಿ ಹದಿನೇಳು ವರ್ಷ. ಬೈಜೂ ಹೋದ, ಮಾಸ್ತರ್ ಹೋದರು. ಕಳೆದ ದೀಪಾವಳಿಗೆ ಭಾಬಿಯನ್ನು ನೋಡಲು ಹೋಗಿದ್ದೆ. ಈಗ ಎಂಬತ್ತರ ಹತ್ತಿರ. ಕಣ್ಣು ಮಂಜಾಗಿದೆ, ಬಾಯಿ ಹಾಗೇ ಇದೆ. ಅಚ್ಚುಗಳನ್ನು ಸೊಸೆ ತೆಗೆದು ಬಿಳಿ ಸಕ್ಕರೆ ಗೊಂಬೆ ಎರೆಯುತ್ತಿದ್ದಳು. ತಟ್ಟೆಯಲ್ಲಿ ನನಗೆ ಒಂದು ಕುದುರೆ ಇಟ್ಟುಕೊಟ್ಟಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ತಿನ್ನು ಲಾಲಾ, ಬರೀ ಸಕ್ಕರೆ," ಎಂದಳು ಭಾಬಿ. ಆಮೇಲೆ, "ಒಂದು ಕೇಳ್ಲಾ? ಇಷ್ಟು ವರ್ಷ ಕೇಳಬಾರದು ಅಂತ ಸುಮ್ಮನಿದ್ದೆ."

"ಕೇಳಿ ಭಾಬಿ."

"ನಾನು ಹೆಂಗಸು. ಬಗೀಚಿ ಹೇಗಿದೆ ಅಂತಲೇ ನೋಡಿದವಳಲ್ಲ. ಗಂಡಸರು ನಶೆಗೆ ಹೋಗ್ತಾರೆ ಅಂದ್ಕೊಂಡಿದ್ದೆ. ನಶೆ ಕೊಟ್ರೆ ಇವರಿಗೆ ಸಾಕು ಅಂದ್ಕೊಂಡೆ. ಅರೆಯೋದೇ ಅವರ ಉಸಿರು ಅಂತ ನನಗೆ ಯಾರು ಹೇಳಬೇಕಿತ್ತು? ನೀನು ದಿನಾ ಒಳಗೆ ಬರ್ತಿದ್ದೆ. ನಿನಗೂ ಗೊತ್ತಾಗಿರಲಿಲ್ವಾ?"

ಗೊತ್ತಾಗಿರಲಿಲ್ಲ ಎಂದು ಹೇಳಿದ್ದರೆ ಆಕೆ ನಂಬುತ್ತಿದ್ದಳು. ನನ್ನ ಮಾತನ್ನು ಆಕೆ ಯಾವತ್ತೂ ಅನುಮಾನಿಸಿದವಳಲ್ಲ. ಕಲ್ಲಿನ ಮೇಲೆ ಸೋಪಿನ ನೊರೆ ಕಂಡ ದಿನ ಕಣ್ಣಮುಂದೆ ಬಂತು.

"ಗೊತ್ತಾಗಿತ್ತು ಭಾಬಿ," ಎಂದೆ.

ಆಕೆ ಮಂಜುಗಣ್ಣಿನಿಂದ ನನ್ನ ಕಡೆ ನೋಡಿದಳು. "ಮತ್ತೆ?"

"ಹೇಳಿದ್ರೆ ಅರೀಬೇಕಾಗ್ತಿತ್ತು. ಭುಜ ನೋಯ್ತಿತ್ತು."

ಆಕೆ ಬೈಯಲಿಲ್ಲ. ಆ ಬಾಯಿ ಬೈಯುತ್ತದೆಂದು ನಾನು ಕಾದು ಕೂತಿದ್ದೆ. ಆಕೆ ಕೈಚಾಚಿ, ಗೆರೆಯಿಲ್ಲದ ಆ ಬೆರಳಿನಿಂದ ನನ್ನ ತಟ್ಟೆ ತಡವಿ, ಕುದುರೆ ಇನ್ನೂ ಇದೆಯೋ ಎಂದು ನೋಡಿದಳು.

"ಇರಲಿ ಬಿಡು," ಎಂದಳು. "ಚೆನ್ನಾಗಿದೆ, ತಿನ್ನು."